ಅರ್ಜಿಯಲ್ಲಿ ನಾನು ಬರೆಯದ ಸಾಲು

ಅಪ್ಪನನ್ನು ನಾವು ಅಣ್ಣ ಎಂದೇ ಕರೆಯುವುದು. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಗೆಯೇ. ಅಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಜಗಲಿಯ ಮೇಲೆ ಬೆಳಗಿನ ಕಾಫಿ ಮುಗಿಸಿ ಕೂತರೆಂದರೆ ಯಾರಾದರೊಬ್ಬರು ಬಂದೇ ಬರುತ್ತಾರೆ. ಪಿಂಚಣಿ ನಿಂತುಹೋದ ವಿಧವೆ, ದಾಖಲೆಯಲ್ಲಿ ಹುಟ್ಟಿದ ದಿನ ತಪ್ಪಾಗಿ ಅಲೆಯುತ್ತಿರುವ ಮೇಷ್ಟ್ರು, ಅಗ್ರಹಾರದಿಂದ ನಡೆದೇ ಬರುವ ಹೂವಿನ ವ್ಯಾಪಾರದಾಕೆ. ಅಣ್ಣ ಅವರ ಮಾತು ಪೂರ್ತಿ ಕೇಳುತ್ತಾರೆ. ಆಮೇಲೆ ಬಿಳಿ ಹಾಳೆಯ ಎಡಗಡೆ ಎರಡು ಬೆರಳಷ್ಟು ಅಂಚು ಮಡಿಸಿ, ಮಸಿ ಪೆನ್ನಿನಲ್ಲಿ ಅರ್ಜಿ ಬರೆದುಕೊಡುತ್ತಾರೆ. ಬಂದವರಿಗೆ ಒಂದು ಲೋಟ ಕಾಫಿಯೂ ಆಗುತ್ತದೆ.

ಅಣ್ಣನ ಅರ್ಜಿಯ ಗುಟ್ಟೆಲ್ಲ ಕೊನೆಯ ಸಾಲಿನಲ್ಲಿ. “ಬರೀ ಕಷ್ಟ ಹೇಳ್ಕೊಂಡ್ರೆ ಆಗಲ್ಲ ಕಣೇ,” ಎಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. “ಕಚೇರಿಯೋರು ಏನು ಮಾಡ್ಬೇಕು ಅನ್ನೋದನ್ನ ಕೊನೇಲಿ ನಾವೇ ಬರೆದುಕೊಡ್ಬೇಕು. ಇಲ್ದೇ ಹೋದ್ರೆ ಪಾಪ, ಅವ್ರಿಗೂ ಕೈ ಕಟ್ಟಿಹಾಕ್ದಂಗೆ.” ಕಚೇರಿಯ ಒಳಗೆ ಮೂವತ್ತು ವರ್ಷ ಕೂತಿದ್ದವರ ಮಾತು ಅದು. ಯಾವ ಕಾಗದ ಇಲ್ಲದಿದ್ದರೆ ಅದರ ಬದಲಿಗೆ ಏನು ಕೇಳಬಹುದು ಎಂಬುದು ಅವರಿಗೆ ಬಾಯಿಪಾಠ. ಕೇಳಿ ಕೇಳಿ ನನಗೂ.

ನಾನು ಇಂಥವರ ಮಗಳು ಎಂಬುದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ನನ್ನ ಕೆಲಸ ಸಂಶೋಧನೆ. ಕೇಳಲು ದೊಡ್ಡದು, ನಡೆಯುವುದು ಗುತ್ತಿಗೆಯ ಮೇಲೆ. ಒಂದು ಅಧ್ಯಯನ ಮುಗಿದರೆ ಇನ್ನೊಂದು ಸಿಗುವವರೆಗೆ ಮನೆಯಲ್ಲಿ ಕೂತಿರಬೇಕು. ಆ ಸಲ ಸಿಕ್ಕಿದ್ದು, ದುಡಿಯಲು ಬೇರೆ ಕಡೆಯಿಂದ ಬಂದವರನ್ನು ನಗರಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದರ ಅಧ್ಯಯನ. ಎರಡು ಊರುಗಳನ್ನು ಹೋಲಿಸಿ ನೋಡುವುದು. ಒಂದು ಮೈಸೂರು, ಇನ್ನೊಂದು ಪಕ್ಕದ ರಾಜ್ಯದ, ಹೆಚ್ಚುಕಡಿಮೆ ನಮ್ಮಷ್ಟೇ ದೊಡ್ಡ ಊರು. ವಿಧಾನ ತೀರ ಸರಳ. ಎರಡೂ ಊರಿನಲ್ಲಿ ಒಂದೇ ಬಗೆಯ ಮನೆಯನ್ನು ಹುಡುಕುವುದು. ಕಟ್ಟಡದ ಕೆಲಸಕ್ಕೆ ಬಂದ ತಾಯಿ, ಓದುವ ಮಗಳು, ಶೆಡ್ಡಿನಲ್ಲಿ ವಾಸ. ಆ ಮನೆಯವರು ವಾಸದ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕುವಾಗ ಜೊತೆಗೆ ಹೋಗಿ ಕೂರುವುದು, ಯಾರು ಏನೆಂದರು, ಎಷ್ಟು ಸಲ ಅಲೆಸಿದರು, ಪತ್ರ ಯಾವತ್ತು ಕೈಗೆ ಬಂತು ಎಂದು ಬರೆದುಕೊಳ್ಳುವುದು. ನಾನು ಇಲ್ಲಿ ಒಂದು ಮನೆ ಆರಿಸಿದರೆ, ಅಲ್ಲಿನ ಸಹೋದ್ಯೋಗಿ ಅದಕ್ಕೆ ಜೋಡಿಯಾಗುವ ಮನೆಯನ್ನು ಆರಿಸುತ್ತಾರೆ. ಉಳಿದದ್ದೆಲ್ಲ ಒಂದೇ ಆಗಿರುವಾಗ ಕೊನೆಗೆ ಕಾಣುವ ವ್ಯತ್ಯಾಸ ಊರಿನದ್ದು. ನಂಬಿಕೆ ಅದು.

ಹಾಗಾಗಬೇಕಾದರೆ ನಾವಿಬ್ಬರೂ ಇದ್ದೂ ಇಲ್ಲದಂತೆ ಇರಬೇಕು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ವೀಕ್ಷಕರು ಸಲಹೆ ಕೊಡಕೂಡದು, ಅರ್ಜಿ ತುಂಬಕೂಡದು, ಯಾರ ಹತ್ತಿರವೂ ಶಿಫಾರಸು ಮಾಡಕೂಡದು. ನೋಟ್‌ಬುಕ್ಕಿನ ಪ್ರತಿ ಪುಟದ ಕೆಳಗೆ ‘ವೀಕ್ಷಕರ ಪಾತ್ರ’ ಎಂಬ ಒಂದು ಅಂಕಣ. ಅದರಲ್ಲಿ ದಿನವೂ ‘ಇಲ್ಲ’ ಎಂದು ಬರೆಯಬೇಕು.

ಬೇರೆ ಯಾರಾದರೂ ಆಗಿದ್ದರೆ ಈ ನಿಯಮವನ್ನು ಸ್ವಲ್ಪ ಸಡಿಲವಾಗಿ ಹಿಡಿಯುತ್ತಿದ್ದರೋ ಏನೋ. ನಾನು ಉಸಿರುಕಟ್ಟುವಷ್ಟು ಬಿಗಿಯಾಗಿ ಹಿಡಿದೆ. ಅದಕ್ಕೊಂದು ಕಾರಣವಿತ್ತು. ಹಿಂದಿನ ಅಧ್ಯಯನವೊಂದರಲ್ಲಿ ಒಬ್ಬ ಮುದುಕಿಗೆ ನಾನೇ ಓಡಾಡಿ ಆಸ್ಪತ್ರೆಯ ಚೀಟಿ ಮಾಡಿಸಿಕೊಟ್ಟಿದ್ದೆ, ಅದನ್ನು ವರದಿಯಲ್ಲಿ ಬರೆದೂ ಬಿಟ್ಟಿದ್ದೆ. ಸಭೆಯಲ್ಲಿ ಹಿರಿಯರೊಬ್ಬರು ಎಲ್ಲರೆದುರು, “ಇದು ಸಂಶೋಧನೆಯೋ, ಸಮಾಜಸೇವೆಯೋ?” ಎಂದು ನಕ್ಕರು. ಉಳಿದವರೂ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇನ್ನು ಮೇಲೆ ಯಾರೂ ನನ್ನ ಕೆಲಸಕ್ಕೆ ಬೆರಳು ತೋರಿಸಬಾರದು ಎಂದು ಅವತ್ತೇ ಹಟ ಹಿಡಿದೆ. ಆ ಹಟವನ್ನು ನಾನು ಬಹಳ ದಿನ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ರಿಂಗ್ ರೋಡಿನ ಆಚೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿ ನನಗೆ ಆ ತಾಯಿ ಮತ್ತು ಮಗಳು ಸಿಕ್ಕರು. ಯಾದಗಿರಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಅದೇ ಕಟ್ಟಡದಲ್ಲಿ ದುಡಿಯುತ್ತಿದ್ದರು. ಮಗಳು ಏಳನೇ ಕ್ಲಾಸು ಮುಗಿಸಿದ್ದಳು, ಅದೂ ನಾಲ್ಕು ಶಾಲೆಗಳಲ್ಲಿ. ಒಂದು ಕಟ್ಟಡ ಮುಗಿದರೆ ಮೇಸ್ತ್ರಿ ಎಲ್ಲರನ್ನೂ ಇನ್ನೊಂದು ಊರಿಗೆ ಕರೆದುಕೊಂಡು ಹೋಗುತ್ತಿದ್ದ, ಆಗ ಅಲ್ಲಿಯ ಶಾಲೆಯೂ ಮುಗಿಯುತ್ತಿತ್ತು. ಈ ಕಟ್ಟಡವೂ ಸುಣ್ಣಬಣ್ಣದ ಹಂತಕ್ಕೆ ಬಂದಿತ್ತು.

“ನಾವು ಎಲ್ಲಿಗಿ ಬೇಕಾದ್ರ ಹೋಗ್ತೀವ್ರಿ ಅಕ್ಕೋರೆ,” ಎಂದು ಆಕೆ ಮೊದಲ ದಿನವೇ ಹೇಳಿದಳು. “ಈಕಿ ಒಂದ್ ಕಡಿ ನಿಂದ್ರಲಿ. ಹಾಸ್ಟೆಲ್ ಒಂದು ಸಿಕ್ಕಬಿಟ್ರ ಸಾಕು.”

ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕಲು ಇನ್ನೂ ಎರಡು ತಿಂಗಳ ಹತ್ತಿರ ಸಮಯವಿತ್ತು. ಜೊತೆಗೆ ಈ ಊರಿನಲ್ಲಿ ವಾಸವಿದ್ದೇವೆ ಎಂಬ ಪತ್ರ ಇಡಬೇಕಿತ್ತು. ಮಿಕ್ಕ ಕಾಗದಗಳನ್ನೆಲ್ಲ ಹುಡುಗಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಅದೊಂದೇ ಬಾಕಿ.

ಅಧ್ಯಯನಕ್ಕೆ ಒಪ್ಪಿಗೆ ತೆಗೆದುಕೊಳ್ಳುವಾಗ ಎಲ್ಲವನ್ನೂ ವಿವರಿಸಬೇಕು. ವಿವರಿಸಿದೆ. ಇನ್ನೊಂದು ರಾಜ್ಯದಲ್ಲಿ ನಿಮ್ಮಂಥದೇ ಇನ್ನೊಂದು ಮನೆ ಇರುತ್ತದೆ, ಅವರೂ ಅರ್ಜಿ ಹಾಕುತ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ, ನಾನು ಸುಮ್ಮನೆ ನೋಡುತ್ತೇನೆ, ಸಹಾಯ ಮಾಡುವಂತಿಲ್ಲ ಎಂದೆ. ತಾಯಿ ತಲೆಯಾಡಿಸಿದಳು. ಸಹಾಯ ಮಾಡುವುದಿಲ್ಲ ಎಂಬ ಮಾತು ಆಕೆಗೆ ವಿನಯದ ಮಾತಿನಂತೆ ಕೇಳಿಸಿತೆಂದು ಈಗ ಅನ್ನಿಸುತ್ತದೆ. ಹುಡುಗಿ ಮಾತ್ರ ಬೇರೆಯದನ್ನೇ ಹಿಡಿದುಕೊಂಡಳು.

“ಅಲ್ಲಿ ನನ್ನಂಥಾಕಿ ಒಬ್ಬಾಕಿ ಅದಾಳೇನ್ರಿ?”

“ಇರ್ತಾಳೆ.”

“ಆಕೀನೂ ಏಳನೇತ್ತ ಪಾಸೇನ್ರಿ?”

“ಹೌದು, ಏಳನೇ ಕ್ಲಾಸೇ. ಹಾಗೇ ಆರಿಸಿರೋದು.”

ಅವಳಿಗೆ ಅದೊಂದು ಆಟವೇ ಆಗಿಹೋಯಿತು. ಕಂಡಾಗಲೆಲ್ಲ ಆ ಹುಡುಗಿಯ ಸುದ್ದಿ. ಆಕಿಗೆ ತಮ್ಮ ಅದಾನೇನ್ರಿ, ಆಕಿ ಶೆಡ್ಡಿಗೆ ಕರೆಂಟ್ ಅದ ಏನ್ರಿ, ಆಕಿಗೆ ಗಣಿತ ಬರ್ತದೇನ್ರಿ. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುವಂತಿರಲಿಲ್ಲ. ತಾನು ಕಾಣದ, ಹೆಸರೂ ತಿಳಿಯದ ಒಬ್ಬಳನ್ನು ಅವಳು ಗೆಳತಿ ಮಾಡಿಕೊಂಡುಬಿಟ್ಟಳು. ನಾಲ್ಕು ಶಾಲೆಗಳಲ್ಲಿ ಅವಳಿಗೆ ಗೆಳತಿಯರು ಉಳಿದಿರಲಿಲ್ಲ.

ಮೊದಲ ಅರ್ಜಿಯನ್ನು ಹುಡುಗಿಯೇ ಬರೆದಳು. ಪತ್ರ ಕೊಡುವ ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಈಗೆಲ್ಲ ಕಂಪ್ಯೂಟರ್ ಬಂದಿದ್ದರೂ ಜೊತೆಗೆ ಬಿಳಿ ಹಾಳೆಯ ಅರ್ಜಿಯೊಂದು ಇರಲೇಬೇಕು. ಶಾಲೆಯಲ್ಲಿ ರಜಾ ಅರ್ಜಿ ಬರೆಯಲು ಕಲಿಸಿದ ಹಾಗೆಯೇ ಬರೆದಿದ್ದಳು. ಗುಂಡು ಗುಂಡು ಅಕ್ಷರ. ನಾವು ಈ ಊರಿನಲ್ಲಿ ಇದ್ದೇವೆ, ನಾನು ಚೆನ್ನಾಗಿ ಓದುತ್ತೇನೆ, ನಮಗೆ ಪತ್ರ ಕೊಡಬೇಕು, ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ. ಓದಿದ ತಕ್ಷಣ ನನಗೆ ಗೊತ್ತಾಯಿತು, ಇದು ವಾಪಸು ಬರುತ್ತದೆ ಎಂದು. ಶೆಡ್ಡಿನಲ್ಲಿರುವವರ ಹತ್ತಿರ ಬಾಡಿಗೆ ಕರಾರೂ ಇರುವುದಿಲ್ಲ, ಕರೆಂಟ್ ಬಿಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಏನು ಕೇಳಬೇಕು ಎಂಬುದೂ ನನಗೆ ಗೊತ್ತಿತ್ತು. ಮಹಜರು ಕೇಳಬೇಕು. ಅಂದರೆ ಅಧಿಕಾರಿ ಜಾಗಕ್ಕೇ ಬಂದು, ಇವರು ಇಲ್ಲಿ ಇದ್ದಾರೆಂದು ನೋಡಿ, ಅಕ್ಕಪಕ್ಕದವರ ಹೇಳಿಕೆ ಬರೆದು ಸಹಿ ಹಾಕಿಸಿಕೊಳ್ಳುವುದು. ಅದಕ್ಕೆ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸಾಕು.

ಆ ಸಾಲನ್ನು ನಾನು ಬರೆದೆ. ಅವರ ಅರ್ಜಿಯಲ್ಲಲ್ಲ, ನನ್ನ ನೋಟ್‌ಬುಕ್ಕಿನಲ್ಲಿ. ‘ಅರ್ಜಿಯಲ್ಲಿ ಈ ಸಾಲು ಇಲ್ಲ, ಹಿಂದಿರುಗುವ ಸಂಭವ ಹೆಚ್ಚು’ ಎಂದು ಟಿಪ್ಪಣಿ ಮಾಡಿ, ಅದರ ಕೆಳಗೆ ಅಣ್ಣ ಯಾವಾಗಲೂ ಬರೆಯುವ ಮಾತುಗಳಲ್ಲೇ ಬರೆದುಕೊಂಡೆ: ‘ನಮ್ಮಲ್ಲಿ ಬೇರೆ ದಾಖಲೆ ಇಲ್ಲದ ಕಾರಣ, ದಯಮಾಡಿ ತಾವೇ ಬಂದು ನಾವಿರುವ ಜಾಗವನ್ನು ಕಣ್ಣಾರೆ ನೋಡಿ, ನೆರೆಹೊರೆಯವರನ್ನು ಕೇಳಿ, ಮಹಜರು ನಡೆಸಿ ಪತ್ರ ಕೊಡಬೇಕು.’ ಈ ‘ಕಣ್ಣಾರೆ ನೋಡಿ’ ಎಂಬುದು ಅಣ್ಣನದೇ. ಕಚೇರಿಯ ಭಾಷೆಯಲ್ಲಿ ಸ್ಥಳ ಪರಿಶೀಲನೆ ಎನ್ನುತ್ತಾರೆ. ಅಣ್ಣನ ಜೊತೆಯ ಗುಮಾಸ್ತರು, ಏನ್ ಸಾರ್, ಅರ್ಜಿ ಬರೀತೀರೋ ಕಾದಂಬರಿ ಬರೀತೀರೋ ಎಂದು ಛೇಡಿಸುತ್ತಿದ್ದರಂತೆ. ಪುಟದ ಕೆಳಗೆ ‘ವೀಕ್ಷಕರ ಪಾತ್ರ: ಇಲ್ಲ’ ಎಂದು ಬರೆದು ನೋಟ್‌ಬುಕ್ ಮುಚ್ಚಿದೆ.

ಅರ್ಜಿ ವಾಪಸು ಬಂತು. ಮೇಲೆ ‘ವಾಸದ ದಾಖಲೆ ಲಗತ್ತಿಸಿಲ್ಲ’ ಎಂದು ಷರಾ. ಕೌಂಟರಿನವರು ಕೆಟ್ಟವರೇನಲ್ಲ, ದಾಖಲೆ ತನ್ನಿ ಎಂದು ಮೆತ್ತಗೇ ಹೇಳಿದರು. ಯಾವ ದಾಖಲೆ ಎಂದು ಕೇಳುವಷ್ಟರಲ್ಲಿ ಹಿಂದಿನವರು ಮುಂದೆ ಬಂದಿದ್ದರು. ಆಕೆ ನನ್ನ ಕಡೆ ತಿರುಗಿದಳು.

“ಏನ್ ತರಬೇಕಂತ್ರಿ ಅಕ್ಕೋರೆ?”

“ನಾನು ಏನೂ ಹೇಳೋ ಹಾಗಿಲ್ಲಮ್ಮ. ಮೊದಲೇ ಹೇಳಿದ್ದೆನಲ್ಲ.”

“ಹೌದೌದ್ರಿ,” ಎಂದು ಆಕೆಯೇ ತಪ್ಪು ಮಾಡಿದವಳಂತೆ ನಕ್ಕಳು.

ಎರಡನೇ ಸಲ ಮೇಸ್ತ್ರಿಯ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡು ಬಂದರು. ಅದು ನಡೆಯಲಿಲ್ಲ. ಮೂರನೇ ಸಲ ಊರಿನ ರೇಷನ್ ಕಾರ್ಡ್ ತಂದರು. ಇದು ಯಾದಗಿರಿಯಲ್ಲಿ ಇದ್ದೀರಿ ಅನ್ನೋದಕ್ಕೆ ದಾಖಲೆ, ಮೈಸೂರಿನಲ್ಲಿ ಇದ್ದೀರಿ ಅನ್ನೋದಕ್ಕಲ್ಲ ಎಂದರು ಕೌಂಟರಿನವರು. ಸರಿಯಾದ ಮಾತೇ. ಪ್ರತಿ ಸಲವೂ ಆಕೆ ಕೆಲಸ ಬಿಟ್ಟು ಬರುತ್ತಿದ್ದಳು, ಸಿಮೆಂಟು ಹತ್ತಿದ ಕಾಲನ್ನು ಕಚೇರಿಯ ನಲ್ಲಿಯಲ್ಲಿ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಪ್ರತಿ ಸಲವೂ ಬೆಂಚಿನ ಮೇಲೆ ನಾವು ಮೂವರೂ ಸಾಲಾಗಿ ಕೂತಿರುತ್ತಿದ್ದೆವು. ಮಧ್ಯಾಹ್ನವಾದರೆ ಜೋಳದ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿ, ಮೊದಲು ನನಗೆ ಕೊಡುತ್ತಿದ್ದಳು. ಬೇಡ ಎನ್ನಲು ಕೈಪಿಡಿಯಲ್ಲಿ ನಿಯಮವಿರಲಿಲ್ಲ. ತಿನ್ನುತ್ತಿದ್ದೆ.

“ನೀವು ಸಂಗಡ ಅದೀರಲ್ರಿ, ಅದಽ ಒಂದು ಧೈರ್ಯ,” ಎಂದಳು ಒಂದು ದಿನ. “ಓದಿದವರು ಬಾಜೂಕ ಕುಂತಾರಂದ್ರ ಕೆಲಸ ಆಗೇ ಆಗ್ತದ.”

ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು. ನಾಚಿಕೆ ಆಮೇಲೆ ಬಂತು.

ಅಣ್ಣನಿಗೆ ಸಂಜೆ ಎಲ್ಲ ವರದಿಯಾಗಬೇಕು. ಮೊದಲ ಷರಾ ಬಿದ್ದ ದಿನವೇ ಕೇಳಿದ್ದರು, “ಕೊನೇ ಸಾಲು ಬರೆದಿದ್ರೇನೇ?” ಇಲ್ಲ ಎಂದೆ. “ಹೇಳ್ಬುಡು ಮತ್ತೆ.” ಹೇಳುವಂತಿಲ್ಲ ಎಂದು ವಿಧಾನವನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ ಕೇಳಿಸಿಕೊಂಡರು. ಮೂರನೇ ಸಲವೂ ವಾಪಸಾದಾಗ ಅವರಿಗೆ ತಡೆಯಲಾಗಲಿಲ್ಲ.

“ಅದೇನು ರಿಸರ್ಚೋ ಕಾಣೆ ಕಣೇ. ಪಕ್ಕದಲ್ಲಿ ಕೂತ್ಕೊಂಡು, ಗೊತ್ತಿದ್ದೂ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಳ್ಳೋದಾ?”

“ನಾನು ಹೇಳಿದ್ರೆ ಹೋಲಿಕೆ ಕೆಟ್ಟುಹೋಗುತ್ತೆ ಅಣ್ಣ. ಅಲ್ಲಿಯವರು ಹೇಳಿರಲ್ಲ, ನಾನು ಹೇಳಿದ್ರೆ ಎರಡೂ ಒಂದೇ ಆಗಲ್ಲ.”

“ಹೋಲಿಕೆ ಕೆಟ್ರೆ ಕೆಡ್ಲಿ ಬುಡು. ಆ ಮಗು ವರ್ಷ ಕೆಡುತ್ತಲ್ಲೇ?” ಆಮೇಲೆ ದನಿ ತಗ್ಗಿಸಿ, ಸ್ವಲ್ಪ ತಮಾಷೆಯಾಗಿ, “ನಾನೇ ಬಂದು ಬರೆದುಕೊಡ್ತೀನಿ. ನೀನು ಆ ಕಡೆ ಮುಖ ಮಾಡ್ಕೊಂಡು ಕೂತಿರು. ನೀನು ನೋಡ್ಲೇ ಇಲ್ಲ,” ಎಂದರು.

ನಾನು ರೇಗಿದೆ. ನೀವು ಬರೆದರೂ ಒಂದೇ ನಾನು ಬರೆದರೂ ಒಂದೇ, ಇನ್ನೊಮ್ಮೆ ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ನನ್ನಿಂದಾಗದು, ನಿಮ್ಮ ಜಗಲಿಯ ಪರೋಪಕಾರವನ್ನು ನನ್ನ ಕೆಲಸದೊಳಗೆ ತರಬೇಡಿ ಎಂದೆ. ಜಗಲಿಯ ಪರೋಪಕಾರ ಎಂದೇ ಅಂದೆ. ಅಣ್ಣ ಕನ್ನಡಕ ಹಾಕಿಕೊಂಡು ಪೇಪರ್ ಎತ್ತಿಕೊಂಡರು. ಅದು ಬೆಳಿಗ್ಗೆ ಒಮ್ಮೆ ಓದಿ ಮುಗಿಸಿದ ಪೇಪರ್.

ನಾಲ್ಕನೇ ಸಲ ಹೋದಾಗ ಹಾಸ್ಟೆಲ್ಲಿನ ಕೊನೆಯ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಅವತ್ತು ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಯಿ ಸಾಲಿನಲ್ಲಿ ನಿಂತಿದ್ದಳು. ನನಗೆ ಬಾಯಾರಿಕೆಯಾಗಿ, ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬೆಂಚಿನ ಮೇಲೆ ಹುಡುಗಿಯ ಪಕ್ಕದಲ್ಲಿಟ್ಟು ಹೊರಗೆ ಹೋದೆ. ಹೊರಗೆ ಪರಿಚಯದವರೊಬ್ಬರು ಸಿಕ್ಕರು, ಮಾತಿಗೆ ನಿಂತೆ. ವಾಪಸು ಬಂದಾಗ ನೋಟ್‌ಬುಕ್ ಅವಳ ತೊಡೆಯ ಮೇಲಿತ್ತು, ಮುಚ್ಚಿತ್ತು, ಮೇಲೆ ಎರಡೂ ಕೈ. ಯಾರಾದರೂ ಒಯ್ದಾರೆಂದು ಹಿಡಿದುಕೊಂಡಿದ್ದೇನೆ ಎಂದಳು. ಜಾಣೆ ಎಂದೆ. ಅವಳು ನನ್ನನ್ನು ನೋಡಿದಳು. ಆ ಸಲವೂ ಅರ್ಜಿ ವಾಪಸಾಯಿತು. ಅವತ್ತು ಅವಳು ಆ ಊರಿನ ಹುಡುಗಿಯ ಸುದ್ದಿ ಕೇಳಲಿಲ್ಲ. ಸೆಕೆಗೆ ಸುಸ್ತಾಗಿರಬೇಕು ಎಂದುಕೊಂಡೆ.

ಮರುದಿನ ಮಧ್ಯಾಹ್ನ ತಾಯಿಯ ಫೋನು. ನನಗೆ ತಿಳಿಸದೆ ಬೆಳಿಗ್ಗೆಯೇ ಹೋಗಿ ಹೊಸ ಅರ್ಜಿ ಕೊಟ್ಟು ಬಂದಿದ್ದರು. “ಪಾಳಿಯಾಗ ಒಬ್ಬ ಅಜ್ಜ ಹೇಳಿಕೊಟ್ಟನಂತ್ರಿ ಈಕಿಗಿ, ಹ್ಯಾಂಗ ಬರೀಬೇಕಂತ. ಈ ಸಲ ಕೌಂಟರ್‌ನಾಗ ಏನೂ ಅನ್ನದ ಇಟ್ಕೊಂಡ್ರು ನೋಡ್ರಿ!” ನಾನು ‘ವೀಕ್ಷಕರು ಗೈರುಹಾಜರು’ ಎಂದು ಬರೆದುಕೊಂಡೆ. ಸದ್ಯ, ಯಾರೋ ಪುಣ್ಯಾತ್ಮರು ಹೇಳಿದರಲ್ಲ ಎಂದು ನೆಮ್ಮದಿಯಾಯಿತು. ನನ್ನ ನಿಯಮ ಮುರಿಯದೆ ಕೆಲಸವಾಯಿತು ಎಂಬ ಸಮಾಧಾನವೂ ಆ ನೆಮ್ಮದಿಯೊಳಗೆ ಸೇರಿಕೊಂಡಿತ್ತು.

ಅಧಿಕಾರಿ ಶೆಡ್ಡಿಗೆ ಬಂದರು. ಪಕ್ಕದ ಶೆಡ್ಡಿನವರ ಸಹಿ ಹಾಕಿಸಿಕೊಂಡರು. ಆರನೇ ದಿನಕ್ಕೆ ಪತ್ರ ಕೈಗೆ ಬಂತು. ಹಾಸ್ಟೆಲ್ಲಿನ ಕೊನೆಯ ದಿನ ಮುಗಿದು ಆಗ ಮೂರು ದಿನವಾಗಿತ್ತು. ಅವರು ಪತ್ರ ಹಿಡಿದುಕೊಂಡು ಹಾಸ್ಟೆಲ್ಲಿಗೂ ಹೋದರು. ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ, ಮುಂದಿನ ವರ್ಷ ಬನ್ನಿ ಎಂದರಂತೆ. ಮುಂದಿನ ವರ್ಷ ಇವರು ಯಾವ ಊರಿನಲ್ಲಿರುತ್ತಾರೋ ಇವರಿಗೇ ಗೊತ್ತಿಲ್ಲ.

ಮೇಸ್ತ್ರಿ ಎಲ್ಲರನ್ನೂ ಕರೆದುಕೊಂಡು ಹೊರಡುವ ಹಿಂದಿನ ದಿನ ತಾಯಿ ಮಗಳು ನಮ್ಮ ಮನೆಗೆ ಬಂದರು. ಎಲ್ಲ ಕಾಗದಗಳ ನಕಲು ನನಗೆ ಬೇಕಾಗುತ್ತದೆಂದು ನೆನಪಿಟ್ಟುಕೊಂಡು, ಜೆರಾಕ್ಸ್ ಮಾಡಿಸಿ ತಂದಿದ್ದರು. ಅಣ್ಣ ಜಗಲಿಯ ಮೇಲಿದ್ದರು. ಒಳಗೆ ಬನ್ನಿ ತಾಯಿ ಎಂದರೂ ಆಕೆ ಜಗಲಿಯ ತುದಿಯಲ್ಲೇ ಕೂತಳು. ಹುಡುಗಿ ಕಂಬಕ್ಕೆ ಒರಗಿ ನಿಂತಳು.

“ಬರೀ ಒಂದು ಸಾಲಂತ್ರಿ,” ಎಂದಳು ಆಕೆ. ಅಳುತ್ತಿರಲಿಲ್ಲ, ಆಶ್ಚರ್ಯಪಡುತ್ತಿದ್ದಳು. “ಒಂದು ಸಾಲಿನ ಸಲುವಾಗಿ ಎರಡು ತಿಂಗಳು ತಿರುಗಿದ್ವಿ. ಮೊದಲಽ ಯಾರರ ಹೇಳಿದ್ರ... ನಿಮಗೂ ಗೊತ್ತಿರಲಿಲ್ಲ ಅಲ್ಲೇನ್ರಿ ಅಕ್ಕೋರೆ?”

ನಾನು ಅಣ್ಣನ ಮುಖ ನೋಡಲಿಲ್ಲ.

“ಗೊತ್ತಿರಲಿಲ್ಲಮ್ಮ,” ಎಂದೆ.

“ಪಾಪ, ನಿಮಗರ ಹ್ಯಾಂಗ ಗೊತ್ತಿರ್ತದ ಬಿಡ್ರಿ,” ಎಂದು ಆಕೆ ನನ್ನನ್ನೇ ಸಮಾಧಾನ ಮಾಡಿದಳು. ಹುಡುಗಿ ಕಂಬದ ಮೇಲಿನ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಕಾಫಿ ಕುಡಿದು ಹೊರಟರು. ಗೇಟಿನ ಹತ್ತಿರ ಹೋದ ಹುಡುಗಿ ಹಿಂದೆ ತಿರುಗಿ ನಿಂತಳು.

“ಆ ಊರಿನ ಹುಡುಗಿಗಿ ಸಿಕ್ತೇನ್ರಿ ಹಾಸ್ಟೆಲ್?”

“ಗೊತ್ತಿಲ್ಲ ಮಗು.” ಇದು ನಿಜವಾಗಿತ್ತು.

“ಆಕಿಗರ ಸಿಕ್ಕಿದ್ರ ಛಲೋ ಆಗ್ತದ್ರಿ,” ಎಂದಳು. ತಾಯಿ ಕೈ ಹಿಡಿದು ಎಳೆದಳು, ಬಸ್ಸು ತಪ್ಪುತ್ತದೆಂದು.

ಅವರು ಬೀದಿಯ ತಿರುವು ದಾಟುವವರೆಗೂ ಅಣ್ಣ ನೋಡುತ್ತ ಕೂತಿದ್ದರು. ಆಮೇಲೆ, “ಗೊತ್ತಿರಲಿಲ್ಲ ಅಂದ್ಬುಟ್ಯಲ್ಲೇ,” ಎಂದರು. ಬೈಯುವ ದನಿಯಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಆ ದಿನದಿಂದ ಅವರು ನನ್ನ ಕೆಲಸದ ಬಗ್ಗೆ ಒಂದು ಮಾತೂ ಕೇಳಿಲ್ಲ. ಸಂಜೆ ನಾನು ಬಂದರೆ ಊಟ ಮಾಡ್ತೀಯಾ ಎಂದು ಕೇಳುತ್ತಾರೆ, ಅಷ್ಟೇ.

ತಿಂಗಳುಗಳು ಕಳೆದ ಮೇಲೆ ಎರಡೂ ಊರಿನವರ ಸಭೆ ಮೈಸೂರಿನಲ್ಲೇ ನಡೆಯಿತು. ಗೋಡೆಯ ಮೇಲೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ತೋರಿಸಿದರು. ನನ್ನದು ಉದ್ದಕ್ಕೆ ಸಾಗಿತ್ತು, ಎರಡು ತಿಂಗಳು ದಾಟಿತ್ತು. ಆ ಊರಿನದು ಹತ್ತನೇ ದಿನಕ್ಕೆ ನಿಂತಿತ್ತು. ಅಲ್ಲಿಯ ಹುಡುಗಿಗೆ ಹಾಸ್ಟೆಲ್ ಸಿಕ್ಕು, ಅವಳು ಎಂಟನೇ ಕ್ಲಾಸಿಗೆ ಸೇರಿದ್ದಳು. ಎರಡೂ ಪಟ್ಟಿಗಳ ಕೆಳಗೆ ‘ವೀಕ್ಷಕರ ಪಾತ್ರ: ಇಲ್ಲ’. ಹಿಂದೆ ನನ್ನನ್ನು ನೋಡಿ ನಕ್ಕಿದ್ದ ಹಿರಿಯರು ಈ ಸಲ ನನ್ನ ನೋಟ್‌ಬುಕ್ಕನ್ನು ಮುಚ್ಚಿದ್ದ ಹಾಗೆಯೇ ಎತ್ತಿ ಹಿಡಿದು, ವೀಕ್ಷಣೆ ಅಂದರೆ ಹೀಗಿರಬೇಕು ಎಂದರು. ಮೈಸೂರಿನ ಆಡಳಿತ ವಲಸೆ ಬಂದವರನ್ನು ಕಾಯಿಸುತ್ತದೆ, ಆ ಊರಿನದು ಬೇಗ ಒಳಗೆ ಕರೆದುಕೊಳ್ಳುತ್ತದೆ ಎಂಬ ತೀರ್ಮಾನವನ್ನು ಬರೆದುಕೊಂಡರು. ಯಾಕಿರಬಹುದು ಎಂದು ಊಟದ ಹೊತ್ತಿನವರೆಗೆ ಚರ್ಚೆ ನಡೆಯಿತು. ಅರಮನೆಯ ಕಾಲದಿಂದ ಬಂದ ಕಾಗದದ ಮೋಹ ಎಂದರು ಒಬ್ಬರು.

ಊಟವಾದ ಮೇಲೆ ಕೈ ತೊಳೆಯುವಲ್ಲಿ ಆ ಊರಿನ ಸಹೋದ್ಯೋಗಿ ನನ್ನ ಪಕ್ಕ ನಿಂತಿದ್ದರು. ಗಡಿ ಕಡೆಯವರು, ಮನೆಮಾತು ಕನ್ನಡ. ನನಗಿಂತ ಹಿರಿಯರು, ಅಂಗಿಯ ತುಂಬ ಸಾರು ಚೆಲ್ಲಿಕೊಂಡಿದ್ದರು.

“ನಿಮ್ಮ ಕೇಸು ಭಾಳ ಎಳದಾಡಿಬಿಡ್ತು ನೋಡ್ರಿ,” ಎಂದರು.

“ನಿಮ್ಮದು ಹೇಗೆ ಅಷ್ಟು ಬೇಗ ಆಯಿತು?”

ಅವರು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು. “ನಿಮಗ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ್ರಿ. ಮೊದಲನೇ ದಿನಽ ಆ ಹೆಣಮಗಳಿಗೆ ಹೇಳಿಬಿಟ್ಟೆ, ವಾರ್ಡಿನ ಮೆಂಬರ ಕಡೆ ಪತ್ರ ತಗೋ ಅಂತ. ಆಕಿಗೆ ಮನಿ ಗೊತ್ತಿರಲಿಲ್ಲ, ನಾನಽ ಸಂಗಡ ಹೋದೆ. ನೋಟ್‌ಬುಕ್ಕಿನ್ಯಾಗ ಬರೀಲಿಲ್ಲ. ಬಾಜೂಕ ಕುಂತು ಹೇಳದ ಹ್ಯಾಂಗ ಇರೂದ್ರಿ? ನೀವೂ ಹೇಳಿರಬೇಕಲ್ಲ ಏನರ?”

ನಲ್ಲಿ ಹರಿಯುತ್ತಲೇ ಇತ್ತು. ಅವರು ಕೈಚಾಚಿ ಅದನ್ನು ನಿಲ್ಲಿಸಿದರು.

ಮಧ್ಯಾಹ್ನದ ಸಭೆಯಲ್ಲಿ ನಾನು ಎದ್ದು ನಿಂತು ಹೇಳಬೇಕಿತ್ತು, ಈ ತೀರ್ಮಾನ ತಪ್ಪು, ನಮ್ಮ ಕಚೇರಿ ಆ ಸಾಲನ್ನು ಕಂಡ ಆರನೇ ದಿನಕ್ಕೆ ಪತ್ರ ಕೊಟ್ಟಿದೆ ಎಂದು. ಹೇಳಲಿಲ್ಲ. ಹೇಳಿದರೆ ಆ ಮನುಷ್ಯನ ಕೆಲಸ ಹೋಗುತ್ತದೆ ಎಂಬ ನೆಪ ಸಿಕ್ಕಿತು. ಅದು ನೆಪ. ನಿಜವಾದ ಕಾರಣ, ಹಾಗೆ ಹೇಳಿದರೆ ಎಲ್ಲರೂ ನನ್ನ ಕಡೆ ತಿರುಗಿ, ನಿಮಗೆ ಆ ಸಾಲು ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಿದ್ದರು. ಹೊಗಳಿಸಿಕೊಂಡು ಇನ್ನೂ ಎರಡು ಗಂಟೆಯಾಗಿರಲಿಲ್ಲ.

ಮನೆಗೆ ಬಂದವಳೇ ಆ ಫೈಲನ್ನು ತೆಗೆದೆ. ಅವರು ತಂದುಕೊಟ್ಟ ಜೆರಾಕ್ಸ್‌ಗಳನ್ನು ಓದದೆ, ನೋಡಲು ಮನಸ್ಸಾಗದೆ, ಹಾಗೆಯೇ ಸೇರಿಸಿಟ್ಟಿದ್ದೆ. ಐದನೇ ಅರ್ಜಿ ಎಲ್ಲಕ್ಕಿಂತ ಕೆಳಗಿತ್ತು. ಅದೇ ಗುಂಡು ಅಕ್ಷರ. ಕೊನೆಯಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು: ‘ನಮ್ಮಲ್ಲಿ ಬೇರೆ ದಾಖಲೆ ಇಲ್ಲದ ಕಾರಣ, ದಯಮಾಡಿ ತಾವೇ ಬಂದು ನಾವಿರುವ ಜಾಗವನ್ನು ಕಣ್ಣಾರೆ ನೋಡಿ...’

ಕಣ್ಣಾರೆ ನೋಡಿ. ಈ ಊರಿನಲ್ಲಿ ಅರ್ಜಿಯಲ್ಲಿ ಹಾಗೆ ಬರೆಯುವವರು ಒಬ್ಬರೇ. ಆ ಅಣ್ಣ ಆ ದಿನಗಳಲ್ಲಿ ಜಗಲಿ ಬಿಟ್ಟು ಕಚೇರಿಯ ಕಡೆ ಹೋದವರಲ್ಲ. ಸಾಲಿನಲ್ಲಿ ಯಾವ ಅಜ್ಜನೂ ಇರಲಿಲ್ಲ. ಅವಳು ನನ್ನ ನೋಟ್‌ಬುಕ್ಕಿನಲ್ಲಿ, ಮೊದಲ ದಿನದ ತಾರೀಕಿನ ಪುಟದಲ್ಲಿ, ಅದನ್ನು ಓದಿದ್ದಳು. ಅದರ ಮೇಲಿದ್ದ ಟಿಪ್ಪಣಿಯನ್ನೂ, ಕೆಳಗಿದ್ದ ‘ಇಲ್ಲ’ವನ್ನೂ ಓದಿರಬೇಕು. ಓದಿ, ನೆನಪಿನಲ್ಲಿಟ್ಟುಕೊಂಡು, ಅಮ್ಮನಿಗೆ ನನ್ನ ಹೆಸರು ಹೇಳದೆ ಒಬ್ಬ ಅಜ್ಜನನ್ನು ಹುಟ್ಟಿಸಿದ್ದಳು. ಆಮೇಲೆ ನಮ್ಮ ಮನೆಯ ಕಂಬಕ್ಕೆ ಒರಗಿ ನಿಂತು, ನಾನು ಗೊತ್ತಿರಲಿಲ್ಲ ಎನ್ನುವುದನ್ನು ಕೇಳಿಸಿಕೊಂಡಿದ್ದಳು.

ಅವರ ಫೋನಿಗೆ ಮಾಡಿದೆ. ಆ ನಂಬರು ಈಗ ಬಳಕೆಯಲ್ಲಿಲ್ಲ. ಮರುದಿನ ರಿಂಗ್ ರೋಡಿನ ಆಚೆ ಹೋದೆ. ಶೆಡ್ಡುಗಳಿದ್ದ ಕಡೆ ಕಾರು ನಿಲ್ಲಿಸುವ ಜಾಗವಾಗಿತ್ತು, ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು. ಕಾವಲಿನವರು, ಕಟ್ಟಿದವರು ಯಾರೋ ನಮಗೇನು ಗೊತ್ತು ಮೇಡಂ, ನಾವು ಆಮೇಲೆ ಬಂದವರು ಎಂದರು. ಮೇಸ್ತ್ರಿಯ ನಂಬರು ಯಾರ ಹತ್ತಿರವೂ ಇರಲಿಲ್ಲ. ಅವಳು ಯಾವ ಊರಿನಲ್ಲಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯದು. ಆ ವರದಿ ಅಚ್ಚಾಗಿದೆ, ನನ್ನ ಹೆಸರೂ ಅದರಲ್ಲಿದೆ.

ಗೇಟಿನ ಹತ್ತಿರ ನಿಂತು ಅವಳು ಕೇಳಿದ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ, ಹೇಳಲು ಅವಳಿಲ್ಲ. ಸಿಕ್ಕಿತು ಮಗು, ಆ ಹುಡುಗಿಗೆ ಹಾಸ್ಟೆಲ್ ಸಿಕ್ಕಿತು. ಅವಳ ಊರು ನಿನಗೆ ಸಿಕ್ಕ ಊರಿಗಿಂತ ಒಳ್ಳೆಯದೇನಲ್ಲ. ಅವಳ ಪಕ್ಕದಲ್ಲಿ ಕೂತಿದ್ದವರು ಬೇರೆ.